ಒಂದೇ ಸೂಜಿ, ಬೆನ್ನುನೋವು ಮಾಯವೇ?

ಮಾಜಾಳಿ: ಬೆಳಗಿನ ಬಸ್ಸಿಗೆ ಕಾಯುತ್ತಿದ್ದಾಗ ಮೀನು ಮಾರುವ ಅಕ್ಕ ಒಬ್ಬರು ಬುಟ್ಟಿ ಇಳಿಸಿ, ನಡುವಿಗೆ ಕೈ ಕೊಟ್ಟು ಕೇಳಿದರು: "ತಮ್ಮಾ, ಆಪರೇಷನ್ ಬೇಡವಂತೆ, ಒಂದೇ ಸೂಜಿಯಂತೆ, ಸಂಜೆಗೇ ಮನೆಯಂತೆ. ಹೌದೋ? ಬಳೆ ಅಡವಿಡಲೋ?"

ಪ್ರಶ್ನೆ ಆಕೆಯೊಬ್ಬಳದ್ದಲ್ಲ. ಬುಟ್ಟಿ ಹೊತ್ತವರು, ಬಲೆ ಎಳೆದವರು, ದಿನವಿಡೀ ಗಲ್ಲೆಯ ಮುಂದೆ ಕೂತ ಅಂಗಡಿಕಾರರು, ಎಲ್ಲರ ನಡುವೂ ಒಂದೇ ರಾಗ ಹಾಡುತ್ತದೆ. ಅದಕ್ಕೇ ಈ ಸೂಜಿಯ ಕಥೆ ಬಿಡಿಸಿ ನೋಡೋಣ.

ಸೂಜಿ ಮಾಡುವುದೇನು?

ಬೆನ್ನೆಲುಬಿನ ಹಿಂಬದಿಗೆ ಸಣ್ಣ ಸಣ್ಣ ಕೀಲುಗಳುಂಟು. ಅವುಗಳ ನೋವನ್ನು ಮೇಲಕ್ಕೆ ಒಯ್ಯುವ ಎಳೆಯಂಥ ನರಗಳುಂಟು. ಎಕ್ಸ್‌ರೇ ಪರದೆ ನೋಡುತ್ತ ಡಾಕ್ಟರು ಆ ನರದ ಪಕ್ಕಕ್ಕೇ ಸೂಜಿ ಇಳಿಸುತ್ತಾರೆ. ರೇಡಿಯೋ ಅಲೆಯ ವಿದ್ಯುತ್ತಿನಿಂದ ಸುಮಾರು 80 ಡಿಗ್ರಿ ಶಾಖ, ಒಂದು ಒಂದೂವರೆ ನಿಮಿಷ. ನರ ಸುಡುತ್ತದೆ, ಸುದ್ದಿ ನಿಲ್ಲುತ್ತದೆ. ಸಂಜೆಗೆ ಮನೆ ಅನ್ನುವುದು ಸುಳ್ಳಲ್ಲ.

ಆದರೆ ಸವೆದ ಕೀಲು ಸವೆದ ಹಾಗೇ ಇರುತ್ತದೆ. ಸುಟ್ಟ ನರ ಮತ್ತೆ ಚಿಗುರುತ್ತದೆ. ಗುಣ ಕಂಡವರಿಗೂ ಸಾಮಾನ್ಯವಾಗಿ ಆರು ತಿಂಗಳು, ಒಂದು ವರ್ಷ. ಡಿಸ್ಕ್ ಜಾರಿ ಕಾಲಿಗೆ ಇಳಿಯುವ ನೋವಿಗಂತೂ ಇದು ಮದ್ದೇ ಅಲ್ಲ.

ದೊಡ್ಡವರಲ್ಲೇ ಜಗಳ

ಬ್ರಿಟನ್ನಿನ ಸರಕಾರಿ ಮಾರ್ಗಸೂಚಿ 2016ರಲ್ಲಿ, ಆಯ್ದ ರೋಗಿಗಳಿಗೆ ಮಾಡಬಹುದು ಎಂದಿತು. ಷರತ್ತು ಇಷ್ಟೇ: ಬೇರೆ ಚಿಕಿತ್ಸೆ ಫಲ ಕೊಟ್ಟಿರಬಾರದು, ಮೊದಲು ಆ ನರಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು ನೋವು ಇಳಿಯಿತೇ ಎಂದು ಪರೀಕ್ಷಿಸಿರಬೇಕು. 2017ರಲ್ಲಿ ನೆದರ್ಲೆಂಡಿನವರು 681 ರೋಗಿಗಳನ್ನು ಪರೀಕ್ಷೆಗೆ ಒಳಪಡಿಸಿದರು. ಬರೀ ವ್ಯಾಯಾಮ ಮಾಡಿದವರಿಗೂ, ವ್ಯಾಯಾಮದ ಜೊತೆ ನರ ಸುಡಿಸಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ತಂಡ, ಹಳೆಯ ಬೆನ್ನುನೋವಿಗೆ ಇಂಥ ಸೂಜಿಗಳು ಬೇಡ ಎಂದೇ ಹೇಳಿತು. ನೋವಿನ ಚಿಕಿತ್ಸೆಯ ವೈದ್ಯರ ಸಂಘಗಳು ಇದನ್ನು ಒಪ್ಪಲಿಲ್ಲ. ಸರಿಯಾದ ರೋಗಿಯನ್ನು ಆರಿಸಿದರೆ ಗುಣವುಂಟು ಅನ್ನುವುದು ಅವರ ವಾದ.

ಅಂದರೆ ಸೂಜಿ ಮೋಸವಲ್ಲ, ಪವಾಡವೂ ಅಲ್ಲ. ಪವಾಡ ಅಂತ ಮಾರುವವರ ಬಗ್ಗೆ ಮಾತ್ರ ಎಚ್ಚರ ಬೇಕು.

ಕಾಳಿಯ ಈಚೆ ದಂಡೆ

ನಮ್ಮವರ ಕಷ್ಟ ಬೇರೆಯೇ. ಗಡಿಯಾಚೆ ಗೋವಾದ ಬಾಂಬೋಳಿ ಸರಕಾರಿ ಆಸ್ಪತ್ರೆಯಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಬಿತ್ತು. ಕಾರವಾರಕ್ಕೆ ಹೋಗಲು ಕಾಳಿ ದಾಟಬೇಕು; ಅಲ್ಲಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಹೊಳೆಗೇ ಬಿತ್ತು. ಹುಬ್ಬಳ್ಳಿ, ಮಂಗಳೂರು ಅಂದರೆ ನೋವಿದ್ದ ಬೆನ್ನಿಗೆ ಬಸ್ಸಿನ ಕುಲುಕಾಟ ಬೇರೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ 2019ರಲ್ಲಿ ಕೂಗಿದರು, 2022ರಲ್ಲಿ ಮತ್ತೆ ಕೂಗಿದರು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಬೆನ್ನುನೋವಿಗೆ ಮುಂದಿಟ್ಟದ್ದು ವ್ಯಾಯಾಮ, ತಿಳುವಳಿಕೆಯಂಥ ಸಾದಾ ದಾರಿಗಳನ್ನು. ಸೊಂಟಕ್ಕೆ ಕಟ್ಟುವ ಬೆಲ್ಟ್ ಬೇಡ ಎಂದೂ ಹೇಳಿತು. ವ್ಯಾಯಾಮ ಕಲಿಸಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ವಾರಕ್ಕೊಂದು ದಿನ ಒಬ್ಬ ಫಿಸಿಯೋಥೆರಪಿಯವರನ್ನು ಕಾಳಿಯ ಈಚೆಗೆ ಕಳಿಸಿದರೆ ಸಾಕು. ಅಷ್ಟನ್ನಾದರೂ ಆರೋಗ್ಯ ಇಲಾಖೆ ಮಾಡಬಾರದೇ?

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಬಳೆ ಕೈಯಲ್ಲೇ ಇರಲಿ. ಮೊದಲು ಡಾಕ್ಟರನ್ನು ಕೇಳಿ: ನೋವು ಯಾವ ಕೀಲಿನದು? ಮರಗಟ್ಟಿಸಿ ಪರೀಕ್ಷೆ ಮಾಡುತ್ತೀರಾ? ಎಷ್ಟು ತಿಂಗಳು ತಡೆಯುತ್ತದೆ? ಮತ್ತೆ ಬಂದರೆ ಖರ್ಚೆಷ್ಟು? ಆದರೆ ಕಾಲಿನ ಬಲ ಕುಂದಿದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಹತೋಟಿ ತಪ್ಪಿದರೆ ಒಂದು ದಿನವೂ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಅಷ್ಟರಲ್ಲಿ ಬಸ್ಸು ಬಂತು. ಸೀಟಿರಲಿಲ್ಲ. ಅಕ್ಕ ನಿಂತೇ ಹೋದರು.