ಕಾಡಿನ ಮನೆಗೆ ಅತಿಥಿ

ಗದಗಿನ ಸಮೀಪದ ನಾಗಾವಿಯ ಕಡೆಯಿಂದ ನೋಡುವವರಿಗೆ ಕಪ್ಪತಗುಡ್ಡದ ಸಾಲು ಹೊಸದಲ್ಲ. ಮಳೆಗಾಲದಲ್ಲಿ ಹಸುರನ್ನು ಹೊದ್ದು, ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುವ ಆ ಬೆಟ್ಟಗಳನ್ನು ಅಲ್ಲಿನ ಮಕ್ಕಳು ಹುಟ್ಟಿದಂದಿನಿಂದ ಕಂಡಿರುತ್ತಾರೆ. ದಿನವೂ ಕಾಣುವುದರ ಬೆಲೆಯನ್ನು ಮನುಷ್ಯನು ಬೇಗನೆ ಅರಿಯಲಾರನು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಿದುದೇ ಈ ಸ್ವಭಾವದಿಂದ. ವನ್ಯಜೀವಿಗಳೆಂದೊಡನೆ ಅನೇಕರ ಮನಸ್ಸು ದೂರದ ಹಿಮಾಲಯದ ತಪ್ಪಲಿಗೆ ಹಾರುತ್ತದೆಯೇ ಹೊರತು, ಕಣ್ಣೆದುರಿನ ಗುಡ್ಡದತ್ತ ತಿರುಗುವುದಿಲ್ಲ.

ಹಿಮಾಲಯದ ತಪ್ಪಲಿನ ಕಾಡು ನೋಡತಕ್ಕುದೇ ಆಗಿದೆ, ಅದರಲ್ಲಿ ಸಂದೇಹವಿಲ್ಲ. ರಾಮಗಂಗಾ ನದಿ ಹರಿಯುವ ಕಣಿವೆಯಲ್ಲಿ 1936ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನವು ಭಾರತದ ಮೊತ್ತಮೊದಲನೆಯದು. ನರಭಕ್ಷಕ ಹುಲಿಗಳ ಬೇಟೆಗೆ ಹೆಸರಾಗಿ, ಕ್ರಮೇಣ ಬಂದೂಕಿಗಿಂತ ಛಾಯಾಗ್ರಹಣವನ್ನೇ ಮೆಚ್ಚಿಕೊಂಡ ಜಿಮ್ ಕಾರ್ಬೆಟ್‌ನ ಹೆಸರನ್ನು ಅದಕ್ಕೆ ಮುಂದೆ ಇಡಲಾಯಿತು. 1973ರಲ್ಲಿ ಹುಲಿ ಯೋಜನೆಗೆ ನಾಂದಿಯಾದುದೂ ಅಲ್ಲಿಯೇ. ಹುಲಿ, ಆನೆ, ಜಿಂಕೆ, ಘರಿಯಾಲ್ ಮೊಸಳೆಗಳು ಅಲ್ಲಿ ನೆಲೆಸಿವೆ. ಆದರೆ ಎಷ್ಟೋ ದೂರದಿಂದ ಅಲ್ಲಿಗೆ ಹೋದವನು ಹುಲಿ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೆ ಹಣ ದಂಡವಾಯಿತೆಂದು ಗೊಣಗುತ್ತ ಮರಳಿದರೆ, ಆತನು ಕಂಡುದಾದರೂ ಏನು? ಸಾಲವೃಕ್ಷಗಳ ನೆರಳು, ನದಿಯ ಮರಳಿನ ಮೇಲಿನ ಹೆಜ್ಜೆಗುರುತು, ಹಕ್ಕಿಗಳ ಎಚ್ಚರಿಕೆಯ ಕೂಗು, ಇವೆಲ್ಲ ಆತನ ಪಾಲಿಗೆ ಇಲ್ಲದಂತೆಯೇ ಆದುವು. ನೋಡಲು ಕಲಿಯದವನಿಗೆ ಹಿಮಾಲಯವೂ ಬರಿದು.

ನೋಡಲು ಕಲಿಯುವುದಕ್ಕೆ ಕಪ್ಪತಗುಡ್ಡವು ಉತ್ತಮ ಪಾಠಶಾಲೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಈ ಗಿರಿಶ್ರೇಣಿಯು ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ 60 ಕಿಲೋಮೀಟರಿಗೂ ಮಿಕ್ಕು ಚಾಚಿಕೊಂಡಿದೆ. ಇಲ್ಲಿ ಹುಲಿಯಿಲ್ಲ, ಮುಗಿಲು ಮುಟ್ಟುವ ಮರಗಳೂ ಇಲ್ಲ. ಕುರುಚಲು ಕಾಡು, ಹುಲ್ಲುಗಾವಲು, ಬಂಡೆಗಳ ಸಂದು, ಇವೇ ಇಲ್ಲಿನ ಸಂಪತ್ತು. ತೋಳ, ಕತ್ತೆಕಿರುಬ, ಚಿರತೆ, ನರಿ, ಕೊಂಡುಕುರಿ, ನವಿಲುಗಳಿಗೆ ಇಂಥ ನೆಲವೇ ಬೇಕು. ದಟ್ಟವಾದ ಕಾಡಷ್ಟೇ ಕಾಡು ಎಂದು ತಿಳಿದವರು ಹುಲ್ಲುಗಾವಲನ್ನು ಬಂಜರೆಂದು ಕರೆಯುತ್ತಾರೆ. ತೋಳನಿಗೆ ಅದು ಬಂಜರಲ್ಲ, ಮನೆ. ಈ ಗುಡ್ಡದ ಔಷಧೀಯ ಸಸ್ಯಗಳ ಖ್ಯಾತಿಯಂತೂ ಹಳೆಯದು.

ಗುಡ್ಡದ ಮೇಲೆ ಇಷ್ಟು ಸಿರಿಯಿರುವಂತೆ ಅದರ ಒಡಲಲ್ಲಿ ಕಬ್ಬಿಣದ ಅದಿರೂ ಚಿನ್ನದ ಅಂಶವೂ ಉಂಟು. ಅದುವೇ ಅದಕ್ಕೆ ಕಂಟಕವಾಯಿತು. 2015ರಲ್ಲಿ ಸರಕಾರವು ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಗಣಿಗಾರಿಕೆಗೆ ಬಾಗಿಲು ತೆರೆಯಿತೆಂಬ ಆತಂಕ ಜನರಲ್ಲಿ ಮೂಡಿತು. 2017ರ ಫೆಬ್ರವರಿಯಲ್ಲಿ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಅಹೋರಾತ್ರಿ ಧರಣಿ ಕುಳಿತರು. ಅದೇ ವರ್ಷ ಸಂರಕ್ಷಣೆ ಮರಳಿ ದೊರೆಯಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು.

ಈ ಪ್ರಸಂಗದಿಂದ ಒಂದು ವಿಚಾರ ಹೊಳೆಯುತ್ತದೆ. ಕಾಡಿಗೆ ಜನರು ಕಾಲಿಡಲೇಬಾರದೆಂದು ವಾದಿಸುವವರುಂಟು. ವಾಹನಗಳ ಗದ್ದಲ, ಎಸೆದುಹೋದ ಪ್ಲಾಸ್ಟಿಕ್, ಒಣಹುಲ್ಲಿಗೆ ತಗುಲಿದ ಬೆಂಕಿಯನ್ನು ಕಂಡವರು ಹಾಗೆನ್ನುವುದು ಸಹಜವೇ. ಆದರೆ ಗುಡ್ಡವನ್ನು ಅರಿಯದ ಜನರು ಗುಡ್ಡಕ್ಕಾಗಿ ಬೀದಿಗಿಳಿಯುತ್ತಿದ್ದರೇ? ಅದರ ಗಾಳಿ, ನೀರು, ಗಿಡಮೂಲಿಕೆಗಳ ಒಡನಾಟವಿದ್ದುದರಿಂದಲೇ ಅದು ಹೋದೀತೆಂಬ ಸಂಕಟ ಅವರಿಗೆ ತಟ್ಟಿತು. ಪರಿಚಯವಿಲ್ಲದೆಡೆ ಪ್ರೀತಿಯಿಲ್ಲ, ಪ್ರೀತಿಯಿಲ್ಲದೆಡೆ ರಕ್ಷಣೆಯೂ ಇಲ್ಲ. ಆದುದರಿಂದ ಕಾಡಿಗೆ ಹೋಗಬೇಕು. ಆದರೆ ಒಡೆಯನಂತಲ್ಲ, ಅತಿಥಿಯಂತೆ ಹೋಗಬೇಕು.

ಅತಿಥಿಯಾಗುವ ಬಗೆಯನ್ನು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಹಕ್ಕಿಗಳಿಂದಲೂ ಅರಿಯಬಹುದು. ಮಂಗೋಲಿಯಾ, ಟಿಬೆಟ್ ಮುಂತಾದ ಎತ್ತರದ ನಾಡುಗಳಲ್ಲಿ ಮರಿಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ಈ ಜಾತಿಯ ಹಕ್ಕಿಗಳು 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಿದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಹಿಮಾಲಯಕ್ಕೆ ಹೋಗಲಾರದ ಬಡ ವಿದ್ಯಾರ್ಥಿಯ ಊರಿಗೆ ಹಿಮಾಲಯವನ್ನು ದಾಟಿದ ಹಕ್ಕಿಯೇ ಬಂದಿಳಿಯುವುದು ಎಂಥ ಸೌಭಾಗ್ಯ! ಹೊಲಗಳಿಗೆ ನೀರುಣಿಸಲೆಂದು ಮನುಷ್ಯರೇ ಕಟ್ಟಿದ ಈ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ಪಟ್ಟಿಯನ್ನು ಸೇರಿತು.

ಆದರೆ ಈ ಸೌಭಾಗ್ಯಕ್ಕೆ ಬೆಲೆ ತೆರುವವರೂ ಇದ್ದಾರೆಂಬುದನ್ನು ಮರೆಯಬಾರದು. ಹೆಬ್ಬಾತು ಸಸ್ಯಾಹಾರಿ, ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗಿಳಿದು ಪೈರನ್ನೂ ಕಾಳನ್ನೂ ಮೇಯುತ್ತದೆ. ತೋಳನು ಕುರಿದಡ್ಡಿಗೆ ನುಗ್ಗಿದರೆ ನಷ್ಟವಾಗುವುದು ಪಟ್ಟಣದ ಪ್ರವಾಸಿಗನಿಗಲ್ಲ, ಕುರಿಗಾಹಿಗೆ. ವನ್ಯಮೃಗಗಳಿಂದಾದ ಹಾನಿಗೆ ಸರಕಾರವು ಪರಿಹಾರ ಕೊಡುವುದುಂಟು. ಅದು ಸಕಾಲದಲ್ಲಿ ಕೈಸೇರಿದರೆ ಮಾತ್ರ ಕಾಡಿನ ಮೇಲಿನ ಅಕ್ಕರೆ ಉಳಿದೀತು. ಸಾವಿರಾರು ಹಕ್ಕಿಗಳು ವರ್ಷವರ್ಷವೂ ಅದೇ ಕೆರೆಗೆ ಬರುತ್ತಿರುವುದು ಊರವರ ತಾಳ್ಮೆಗೆ ದೊಡ್ಡ ಸಾಕ್ಷಿ. ಕಾಡಿನ ಮೇಲೆ ಮೊದಲ ಹಕ್ಕು ಅಲ್ಲಿ ಬಾಳುವ ಜೀವಿಗಳದು. ಎರಡನೆಯದು ಅದರ ಅಂಚಿನಲ್ಲಿ ದುಡಿಯುವ ಜನರದು. ನೋಡಲು ಬಂದವನದು ಕೊನೆಯದು. ಈ ಕ್ರಮವು ತಲೆಕೆಳಗಾದಲ್ಲಿ ಅಭಯಾರಣ್ಯವು ಜಾತ್ರೆಯ ಬಯಲಾಗುತ್ತದೆ.

ಅತಿಥಿಗೆ ಕೆಲವು ಕಟ್ಟಳೆಗಳುಂಟು. ಆತನು ಮನೆಯವರು ಬಾ ಎಂದಾಗ ಬರುತ್ತಾನೆ, ಸಾಕೆಂದಾಗ ಏಳುತ್ತಾನೆ. ಕಾರ್ಬೆಟ್ ಉದ್ಯಾನದ ಢಿಕಾಲಾ ವಲಯವನ್ನು ಮಳೆಗಾಲದಲ್ಲಿ ಮುಚ್ಚುವಂತೆ, ಎಲ್ಲ ಕಾಡಿಗೂ ಬಿಡುವಿನ ಕಾಲ ಬೇಕು. ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ಬೆಟ್ಟವೇರುವ ಭಕ್ತನು ಒಯ್ದ ಚೀಲವನ್ನು ಮರಳಿ ತಂದರೆ ಅದೂ ಪೂಜೆಯೇ. ಬೇಸಿಗೆಯಲ್ಲಿ ಎಸೆದ ಒಂದು ಬೀಡಿಯ ತುಂಡು ಇಡೀ ಇಳಿಜಾರನ್ನು ಸುಡಬಲ್ಲದು. ನೆಲದಲ್ಲಿ ಮೊಟ್ಟೆಯಿಡುವ ಗೌಜಲಹಕ್ಕಿಗೆ ಆ ಬೆಂಕಿಯಿಂದ ಓಡಿಸಿಕೊಂಡು ಹೋಗಲು ಮೊಟ್ಟೆಗೆ ಕಾಲುಗಳಿಲ್ಲ. ಕೆರೆಯ ದಂಡೆಯಲ್ಲಿ ಹಕ್ಕಿಗಳು ಹಾರುವುದನ್ನು ನೋಡಲೆಂದು ಕಲ್ಲೆಸೆಯುವ ಹುಡುಗನು, ಅಷ್ಟು ದೂರದಿಂದ ದಣಿದು ಬಂದ ಅತಿಥಿಯನ್ನು ಊಟದೆಲೆಯಿಂದ ಎಬ್ಬಿಸಿದಂತೆಯೇ ಸರಿ.

ಹಿಮಾಲಯದ ತಪ್ಪಲಿಗೆ ಹೋಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಇದ್ದವರು ಹೋಗಿ ಬರಲಿ. ಆದರೆ ಅದಕ್ಕೂ ಮುನ್ನ ಒಂದು ಮುಂಜಾವಿನಲ್ಲಿ ತಮ್ಮೂರ ಗುಡ್ಡದ ಬುಡದಲ್ಲಿ ಸದ್ದಿಲ್ಲದೆ ಒಂದು ಗಳಿಗೆ ನಿಲ್ಲಲಿ. ನವಿಲೊಂದು ಕೂಗೀತು; ಕೂಗದೆಯೂ ಇದ್ದೀತು. ಏನೂ ಕಾಣದಿದ್ದರೂ ಬೇಸರಿಸದೆ, ಅವು ಅಲ್ಲಿ ಸುಖವಾಗಿವೆಯೆಂದು ಸಂತೋಷಪಟ್ಟು ಹಿಂದಿರುಗಬಲ್ಲವನೇ ಕಾಡಿಗೆ ತಕ್ಕ ಅತಿಥಿ. ಅಂಥವರು ಹೆಚ್ಚಿದಂತೆ ಕಪ್ಪತಗುಡ್ಡಕ್ಕೆ ಕಾವಲುಗಾರರೂ ಹೆಚ್ಚುತ್ತಾರೆ.