ಹಳೆಯ ಕಾರಿಗೆ ಹೊಸ ಲಂಗವೇಕೆ?

ನಮ್ಮವರ ಮನೆಗಳಲ್ಲಿ ಅಜ್ಜನ ಕಾಲದ ಕಾರುಗಳಿಗೆ ಮತ್ತೆ ಮರ್ಯಾದೆ ಬಂದಿದೆ. ಶೆಡ್ಡಿನ ಮೂಲೆಯಲ್ಲಿ ಧೂಳು ಹೊದ್ದು ಮಲಗಿದ್ದ ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳನ್ನು ಮಕ್ಕಳು ಮೊಮ್ಮಕ್ಕಳು ಹೊರಗೆಳೆದು, ತುಕ್ಕು ಕೆರೆಸಿ, ಬಣ್ಣ ಹೊಡೆಸುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಈ ಸಂತೋಷದ ಬೆನ್ನಿಗೇ ಕೆಲವರಲ್ಲಿ ಒಂದು ಚಪಲವೂ ಹುಟ್ಟಿಕೊಂಡಿದೆ. ಅದೆಂದರೆ, ಹಿಂದಿನ ಚಕ್ರಗಳ ಮೇಲಿನ ಕಮಾನನ್ನು ಒಂದು ತಗಡಿನಿಂದ ಮುಚ್ಚಿಬಿಡುವುದು. ಅಮೆರಿಕದವರು ಇದನ್ನು ಫೆಂಡರ್ ಸ್ಕರ್ಟ್ ಎಂದರು, ಇಂಗ್ಲಿಷರು ಸ್ಪ್ಯಾಟ್ ಎಂದರು. ಮಡ್‌ಗಾರ್ಡಿಗೆ ತೊಡಿಸಿದ ಲಂಗ ಎಂದರೆ ನಮಗೆ ಸಾಕು. ಹಳೆಯ ಕಾರಿಗೆ ಇದಿಲ್ಲದೆ ಶೋಭೆಯಿಲ್ಲ ಎಂದು ವಾದಿಸುವವರಿಗೆ ನಾನು ಹೇಳುವುದು ಇಷ್ಟೆ: ಕಾರನ್ನು ರೂಪಿಸಿದವನೇ ಲಂಗ ತೊಡಿಸಿದ್ದರೆ ಅದನ್ನು ಕಳಚಬೇಡಿ, ಅವನು ತೊಡಿಸದಿದ್ದರೆ ನೀವೂ ತೊಡಿಸಬೇಡಿ.

ಲಂಗವೇ ಕುರೂಪವೆಂದು ನಾನು ಹೇಳುತ್ತಿಲ್ಲ. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ 120 ಕಾರನ್ನು ನೋಡಿ. ಅದರ ಹಿಂಬದಿಯ ಇಳಿಜಾರು ನೀರು ಹರಿದಂತೆ ನೆಲದತ್ತ ಹರಿಯುತ್ತದೆ. ಚಕ್ರ ಮುಚ್ಚಿರುವುದರಿಂದ ಆ ಹರಿವಿಗೆ ತಡೆಯಿಲ್ಲ. ಆದರೆ ಅದೇ ಕಾರಿಗೆ ತಂತಿಕಡ್ಡಿಯ ಚಕ್ರ ಬೇಕೆಂದವರಿಗೆ ಕಂಪನಿ ಸ್ಪ್ಯಾಟ್ ಹಾಕಿ ಕೊಡುತ್ತಿರಲಿಲ್ಲ. ಆ ಚಕ್ರದ ನಡುವಿನ ನಟ್ಟು ಹೊರಕ್ಕೆ ಚಾಚುತ್ತಿತ್ತು. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ಹಿಂದಿನ ಚಕ್ರ ಅರ್ಧ ಮುಚ್ಚಿತ್ತು. ಆದರೆ ಒಂದೇ ಒಂದು ಬೋಲ್ಟ್ ಬಿಚ್ಚಿದರೆ ಮಡ್‌ಗಾರ್ಡೇ ಕಳಚಿ ಬಂದು ಚಕ್ರ ಕೈಗೆ ಸಿಗುತ್ತಿತ್ತು. ಮುಚ್ಚುವವನು ತೆಗೆಯುವ ದಾರಿಯನ್ನೂ ಮೊದಲೇ ಯೋಚಿಸಿದ್ದ. ವಿನ್ಯಾಸವೆಂದರೆ ಇದು.

ಕಸ್ಟಮ್ ಕಾರಿನ ಅಭಿಮಾನಿಗಳು ಎಲ್ಲಕ್ಕಿಂತ ಮೊದಲು ಎತ್ತುವ ಹೆಸರು 1949ರಿಂದ 51ರವರೆಗಿನ ಮರ್ಕ್ಯುರಿಯದು. ಕ್ಯಾಲಿಫೋರ್ನಿಯಾದ ಬ್ಯಾರಿಸ್ ಸಹೋದರರಂಥ ಕುಶಲಿಗಳು ಅದರ ಕಂಬಗಳನ್ನು ಕತ್ತರಿಸಿ ಛಾವಣಿಯನ್ನು ತಗ್ಗಿಸಿದರು, ಇಡೀ ಗಾಡಿಯನ್ನು ನೆಲಕ್ಕೆ ಇಳಿಸಿದರು. ಇಂಥ ಕಾರಿಗೆ ಲಂಗ ತೊಡಿಸಿದಾಗ ಅದು ಚೆನ್ನಾಗಿ ಕಂಡಿದ್ದರೆ ಆಶ್ಚರ್ಯವೇನು? ಆ ಕಾರು ಐದು ಮೀಟರಿಗಿಂತ ಉದ್ದ. ನಮ್ಮ ಅಂಬಾಸಡರ್ ನಾಲ್ಕು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಎತ್ತರವೋ ಹೆಚ್ಚುಕಡಿಮೆ 1.6 ಮೀಟರ್. ಪೇಟ ಸುತ್ತಿದ ಯಜಮಾನರು ತಲೆ ಬಗ್ಗಿಸದೆ ಕೂರಲೆಂದೇ ಮಾಡಿದಂತಿರುವ ಗಾಡಿ ಅದು. ಅದರ ಚೆಲುವು ಇರುವುದೇ ದುಂಡನೆಯ ಮೈಯಲ್ಲಿ, ನೆಲವನ್ನು ಗಟ್ಟಿಯಾಗಿ ಊರಿ ನಿಂತ ನಾಲ್ಕು ಕಾಲುಗಳಲ್ಲಿ. ಹಿಂದಿನ ಎರಡನ್ನು ಮುಚ್ಚಿದರೆ ಅದು ಕುಳಿತ ಎಮ್ಮೆಯಂತೆ ಕಾಣುತ್ತದೆಯೇ ಹೊರತು ಹಾರುವ ಹಕ್ಕಿಯಂತಲ್ಲ.

ಹಾಗಾದರೆ ಛಾವಣಿಯನ್ನೂ ತಗ್ಗಿಸೋಣ ಎನ್ನುವಿರೋ? ಅಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಲಂಗ ಒಪ್ಪುವುದು ತಗ್ಗಿಸಿದ, ಉದ್ದನೆಯ ಮೈಗೆ. ಆ ಮೈ ಮಾಡಿಸಲು ನಮ್ಮಲ್ಲಿ ಅನುಮತಿಯಿಲ್ಲ. ಉಳಿಯುವುದು ಬರೀ ಲಂಗ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಇನ್ನೂ ಒಂದು ಮಾತಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಬೇರೆಯೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಗಾಡಿಗೆ 'ವಿಎ' ಅಕ್ಷರಗಳುಳ್ಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಬೋಲ್ಟಿನಲ್ಲಿ ಕೂರಿಸಿದ ತಗಡನ್ನು ಬಿಚ್ಚಿಟ್ಟರೆ ಆಯಿತಲ್ಲ ಎನ್ನಬಹುದು. ಸರಿಯೇ. ಆದರೆ ತಗಡು ಕೂರಲಿಲ್ಲವೆಂದು ಟಿಂಕರಿಂಗ್ ಶೆಡ್ಡಿನಲ್ಲಿ ಮಡ್‌ಗಾರ್ಡಿನ ಅಂಚನ್ನೇ ಕೊಯ್ದು ವೆಲ್ಡಿಂಗ್ ಮಾಡಿಸಿದ ಮೇಲೆ ಬಿಚ್ಚುವುದೇನನ್ನು? ಐವತ್ತು ವರ್ಷ ಕಾದು ಗಳಿಸಿದ ಯೋಗ್ಯತೆಯನ್ನು ಒಂದು ಮಧ್ಯಾಹ್ನದ ಕೆಲಸಕ್ಕೆ ಒತ್ತೆಯಿಡುವುದು ಜಾಣತನವಲ್ಲ.

ಗಾಳಿಯ ತಡೆ ತಗ್ಗಿ ಪೆಟ್ರೋಲು ಉಳಿಯುತ್ತದೆ ಎನ್ನುವವರೂ ಇದ್ದಾರೆ. ತತ್ವ ಸುಳ್ಳಲ್ಲ. 1999ರ ಹೊಂಡಾ ಇನ್‌ಸೈಟ್ ಕಾರಿನ ಹಿಂದಿನ ಚಕ್ರಗಳನ್ನು ಮುಚ್ಚಿದ್ದು ಈ ಕಾರಣಕ್ಕೇ. ಆದರೆ ಗಾಳಿಯ ತಡೆ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಪಾಂಡಿಬಜಾರಿನ ಜನಜಂಗುಳಿಯಲ್ಲಿ ಎರಡನೇ ಗೇರಿನಲ್ಲಿ ತೆವಳುವ ಅಂಬಾಸಡರಿಗೆ ಇದರಿಂದ ಉಳಿಯುವ ಪೆಟ್ರೋಲು ಒಂದು ಲೋಟ ಕಾಫಿಯಷ್ಟೂ ಆಗದು.

ಚೆನ್ನೈಯ ಹವೆಯನ್ನಾದರೂ ನೆನೆಯಬೇಡವೇ? ಇದು ಕಡಲ ಉಪ್ಪುಗಾಳಿಯ ಊರು. ಐಪ್ಪಸಿ, ಕಾರ್ತಿಕೈ ಬಂತೆಂದರೆ ಬೀದಿಯೇ ಕಾಲುವೆ. 2015ರ ಡಿಸೆಂಬರಿನ ನೆರೆಯನ್ನಾಗಲಿ, 2023ರ ಮಿಚಾಂಗ್ ಚಂಡಮಾರುತವನ್ನಾಗಲಿ ಇಲ್ಲಿ ಬಾಳಿದವರು ಮರೆತಿಲ್ಲ. ಚಕ್ರ ಎಸೆದ ಕೆಸರು ಲಂಗದ ಮರೆಯಲ್ಲಿ ಕಟ್ಟಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ. ಕಣ್ಣಿಗೆ ಕಾಣದೆ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಹೊಳೆಯುವ ಬಣ್ಣ, ಒಳಗೆ ಜರಡಿ. ಮಳೆಯಲ್ಲಿ ಟೈರು ಪಂಕ್ಚರಾದರಂತೂ ಮೊದಲು ಲಂಗದ ತಿರುಪು ಹುಡುಕಬೇಕು, ಆಮೇಲೆ ಜ್ಯಾಕು.

"ಕಾರು ನನ್ನದು, ಹಣ ನನ್ನದು, ನಿಮಗೇನು?" ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಹಕ್ಕು ನಿಮ್ಮದೇ, ಒಪ್ಪಿದೆ. ಆದರೆ ಹಳೆಯ ಕಾರು ಒಬ್ಬರ ಸೊತ್ತು ಮಾತ್ರವಲ್ಲ, ಈ ಊರಿನ ಕಥೆಯ ಒಂದು ಪುಟ. 1840ರಲ್ಲಿ ಕುದುರೆ ಸಾರೋಟು ಕಟ್ಟಲು ತೊಡಗಿದ ಸಿಂಪ್ಸನ್ ಕಂಪನಿಯಲ್ಲಿ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಉಗಿಯ ಕಾರನ್ನೇ ಕಟ್ಟಿದ ಊರು ಇದು. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಎರಡೇ ಬಾಗಿಲಿನ ಕಾರಾಗಿತ್ತು. ಅದಕ್ಕೆ ನಾಲ್ಕು ಬಾಗಿಲು ಇಟ್ಟವರು ಇಲ್ಲಿನ ಸ್ಟ್ಯಾಂಡರ್ಡ್ ಕಂಪನಿಯವರು. ಅಜ್ಜಿ, ಸೊಸೆ, ಮಕ್ಕಳು ಒಟ್ಟಿಗೆ ಹೊರಡುವ ನಮ್ಮ ಸಂಸಾರಗಳಿಗೆ ಅದು ಒಪ್ಪಿತು. ಆದ್ದರಿಂದ ಬದಲಾವಣೆಯೇ ಕೂಡದೆಂಬ ಮಡಿವಂತಿಕೆ ನನ್ನದಲ್ಲ. ಅಗತ್ಯದಿಂದ ಹುಟ್ಟಿದ ನಾಲ್ಕು ಬಾಗಿಲು ಬೇರೆ, ಚಿತ್ರ ನೋಡಿ ಅಂಟಿಸಿದ ಲಂಗ ಬೇರೆ.

ನಮ್ಮ ಉಡುಪಿಯವರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹಿರಿಯರಿಗೆಲ್ಲ ನೆನಪಿದ್ದೀತು. ಕಾರಿನಲ್ಲಿ ಕುಳಿತಲ್ಲಿಗೇ ದೋಸೆ, ಕಾಫಿ ಬರುತ್ತಿತ್ತು. ಮರಗಳ ನೆರಳಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ಬೆನ್ನಿನಿಂದಲೇ ಗುರುತಿಸಬಹುದಿತ್ತು: ಇದು ಅಂಬಾಸಡರ್, ಅದು ಫಿಯಟ್, ಆಚೆಯದು ಹೆರಾಲ್ಡ್. 2008ರಲ್ಲಿ ಡ್ರೈವ್-ಇನ್ ಮುಚ್ಚಿತು. 2010ರಲ್ಲಿ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎದ್ದಿತು. 2014ರಲ್ಲಿ ಅಂಬಾಸಡರಿನ ತಯಾರಿಕೆಯೂ ನಿಂತಿತು. ಜಾಗ ಹೋಯಿತು, ಕಾರ್ಖಾನೆ ಹೋಯಿತು. ಉಳಿದಿರುವುದು ಮನೆಮನೆಯ ಶೆಡ್ಡುಗಳಲ್ಲಿರುವ ಈ ನಾಲ್ಕಾರು ಗಾಡಿಗಳು. ಅವುಗಳ ಮುಖವನ್ನೂ ಬೆನ್ನನ್ನೂ ನಾವೇ ಅಳಿಸಿದರೆ ಮೊಮ್ಮಕ್ಕಳಿಗೆ ತೋರಿಸುವುದೇನನ್ನು?

ಪರವೂರಿನಲ್ಲಿದ್ದು ತಲೆಮಾರುಗಳಿಂದ ಮನೆಮಾತನ್ನು ಉಳಿಸಿಕೊಂಡು ಬಂದ ನಮಗೆ ಈ ಮಾತು ಬೇಗ ತಿಳಿಯಬೇಕು. ಬೇಕಾದ ತಮಿಳು ಪದವನ್ನು ನಾವು ಸಂಕೋಚವಿಲ್ಲದೆ ಕನ್ನಡಕ್ಕೆ ಸೇರಿಸಿಕೊಂಡಿದ್ದೇವೆ. ಶೋಕಿಗಾಗಿ ಮಾತಿನ ಧಾಟಿಯನ್ನೇ ಬದಲಿಸಿಕೊಂಡಿಲ್ಲ.

ಕೊನೆಯದಾಗಿ ಒಂದು ಸೂಚನೆ. ಲಂಗಕ್ಕೆಂದು ತೆಗೆದಿರಿಸಿದ ಹಣದಲ್ಲಿ ಕಾರಿನ ತಳಕ್ಕೆ ತುಕ್ಕುನಿರೋಧಕ ಬಳಿಸಿ, ಬಾಗಿಲಿನ ರಬ್ಬರು ಬದಲಿಸಿ, ಪುದುಪೇಟೆಯಲ್ಲಿ ಅಲೆದು ಕಳೆದುಹೋದ ಅಸಲಿ ಚಕ್ರದ ಬಿಲ್ಲೆಯನ್ನು ಹುಡುಕಿ ತನ್ನಿ. ಈ ರಾಜ್ಯೋತ್ಸವಕ್ಕೆ ಸಂಘದ ಅಂಗಳದಲ್ಲಿ ಇಂಥ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸೋಣ. ಲಂಗದ ಪಕ್ಷದವರೂ ತಮ್ಮ ಗಾಡಿಯನ್ನು ತರಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಅಲ್ಲಿಯವರೆಗೆ ಕಾಯಲಾರದವರಿಗೆ ಮುಂದಿನ ಸಂಚಿಕೆಯ ಪುಟಗಳಿವೆ, ಬರೆಯಲಿ.