ಗಡಿಗೆ ಯಾರದು, ಗಲ್ಲಾ ಯಾರದು?

ದಕ್ಷಿಣ ಆಫ್ರಿಕದ ಡರ್ಬನ್ ನಗರದಂಚಿನಲ್ಲಿ ಕ್ಯಾಟೊ ಮ್ಯಾನರ್ ಎಂಬ ಗುಡಿಸಲುಗಳ ಕೇರಿಯಿತ್ತು. 1959ರ ಜೂನ್ 17ರಂದು ಆ ಕೇರಿಯ ಹೆಂಗಸರು ಕೋಲು ಹಿಡಿದು ನಗರಸಭೆಯ ಮದ್ಯದಂಗಡಿಗೆ ನುಗ್ಗಿದರು. ಕುಡಿಯುತ್ತ ಕೂತಿದ್ದ ಗಂಡಸರನ್ನು ಹೊಡೆದೆಬ್ಬಿಸಿದರು; ಮದ್ಯವನ್ನು ನೆಲಕ್ಕೆ ಚೆಲ್ಲಿದರು. ಇಷ್ಟನ್ನೇ ಕೇಳಿದವರು ‘ಭೇಷ್, ಪಾನನಿರೋಧ!’ ಎಂದಾರು. ತುಸು ತಾಳಬೇಕು. ಆ ಹೆಂಗಸರಲ್ಲಿ ಅನೇಕರು ಮನೆಯಲ್ಲಿ ತಾವೇ ಮದ್ಯ ಮಾಡಿ ಮಾರುತ್ತಿದ್ದವರು.

ನಾವು ಹೆಂಡದ ಪಕ್ಷಪಾತಿಗಳಲ್ಲ. ಸಂಬಳದ ದಿನ ಹೆಂಡದಂಗಡಿ ಏನು ಮಾಡುತ್ತದೆಂಬುದು ಮಿಲ್ ಕಾರ್ಮಿಕರ ಹೆಂಡಂದಿರಿಗೆ ಚೆನ್ನಾಗಿ ಗೊತ್ತು. ಆದರೂ ಗಲ್ಲಾಪೆಟ್ಟಿಗೆ ಯಾರ ಕೈಯಲ್ಲಿತ್ತೆಂದು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ.

ಜೋಳ ಹುದುಗಿಸಿ ಮದ್ಯ ಮಾಡುವುದು ಜುಲು ಹೆಂಗಸರ ಹಳೆಯ ಮನೆಗೆಲಸ. 1908ರ ಒಂದು ಕಾನೂನಿನ ಬಲದಿಂದ ಡರ್ಬನ್ ನಗರಸಭೆಯು ಆಫ್ರಿಕನ್ನರಿಗೆ ಈ ಮದ್ಯ ಮಾರುವ ಹಕ್ಕನ್ನೆಲ್ಲ ತನ್ನ ಕೈಗೇ ತೆಗೆದುಕೊಂಡಿತು. ಬಂದ ಲಾಭದಿಂದ ಆಫ್ರಿಕನ್ ಕೂಲಿಗಳ ವಸತಿಗೃಹಗಳನ್ನು ನಡೆಸಿತು. ಅವರನ್ನು ಹದ್ದುಬಸ್ತಿನಲ್ಲಿಡುವ ಆಡಳಿತವನ್ನೂ ನಡೆಸಿತು. ಹಗಲೆಲ್ಲ ಬಂದರಿನಲ್ಲಿ ಮೂಟೆ ಹೊತ್ತವನ ಕೂಲಿ ಸಂಜೆ ನಗರಸಭೆಗೇ ಮರಳಿ, ಅವನನ್ನೇ ಕಟ್ಟಿಹಾಕುವುದಕ್ಕೆ ಖರ್ಚಾಗುತ್ತಿತ್ತು! ಬೇರೆ ಊರುಗಳೂ ಈ ಚಾತುರ್ಯವನ್ನು ಕಲಿತವು. ‘ಡರ್ಬನ್ ಪದ್ಧತಿ’ ಎಂದೇ ಅದಕ್ಕೆ ಹೆಸರಾಯಿತು.

ಹೆಂಗಸರಿಗೋ ನಗರದಲ್ಲಿ ನೆಲೆಸಲು ಪರವಾನಗಿ ಬೇಕು, ಕೆಲಸ ಸಿಗುವುದು ಅಪರೂಪ, ಗಂಡನ ಕೂಲಿ ಸಾಲದು. ಮಕ್ಕಳ ಹೊಟ್ಟೆಗೆ ಗಡಿಗೆಯೇ ಆಧಾರ. ಪೊಲೀಸರು ಬಂದು ಮದ್ಯ ಚೆಲ್ಲಿದರೆ ಬಂಡವಲವೆಲ್ಲ ಮಣ್ಣುಪಾಲು. ಬೀದಿಯಲ್ಲಿ ಬುಟ್ಟಿಯಿಟ್ಟು ಮಾರುವವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. 1959ರಲ್ಲಿ ಟೈಫಾಯ್ಡ್ ಹರಡಿತೆಂಬ ಕಾರಣ ಮುಂದಿಟ್ಟು ನಗರಸಭೆ ದಾಳಿಗಳನ್ನು ಬಿಗಿಗೊಳಿಸಿತು. ರೋಗದ ಭಯವಿದ್ದರೆ ನಲ್ಲಿ, ಚರಂಡಿ ಹಾಕಿಸಬೇಕಿತ್ತು, ಒಡೆದದ್ದು ಗಡಿಗೆ.

ಮಾರನೆಯ ದಿನ ಅಧಿಕಾರಿಯೊಡನೆ ಮಾತನಾಡಲು ಸೇರಿದ ಹೆಂಗಸರಿಗೆ ಲಾಠಿ ಏಟು ಬಿತ್ತು. ಬಹಿಷ್ಕಾರ ಡರ್ಬನ್ನಿನ ಉಳಿದ ಮದ್ಯದಂಗಡಿಗಳಿಗೂ ಹಬ್ಬಿತು. ನಾತಾಲ್ ಪ್ರಾಂತದ ಹಳ್ಳಿಗಳಲ್ಲಿ ದನಗಳ ಉಣ್ಣೆ ಕಳೆಯುವ ಔಷಧದ ತೊಟ್ಟಿಗಳಿದ್ದವು. ಅವಕ್ಕೆ ನೀರು ತುಂಬುವುದು ಹೆಂಗಸರ ಪಾಲಿನ ಬಿಟ್ಟಿ ಚಾಕರಿ. ಅವರು ಆ ತೊಟ್ಟಿಗಳನ್ನೇ ಒಡೆದರು. ಗುಂಪುಗುಂಪಾಗಿ ಜೈಲಿಗೆ ಹೋದರು.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಕ್ಯಾಟೊ ಮ್ಯಾನರಿನ ನೆಲದ ಒಡೆಯರಲ್ಲಿ ಭಾರತೀಯ ಮೂಲದವರು ಬಹಳ ಮಂದಿ ಇದ್ದರು. ಆ ಬಡವರ ಬಾಡಿಗೆ ಅವರಿಗೂ ಸಲ್ಲುತ್ತಿತ್ತು. ಬಿಳಿಯರನ್ನಷ್ಟೇ ಬಯ್ದು ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಕೇರಿ ಉಳಿಯಲಿಲ್ಲ. 1960ರ ದಶಕದಲ್ಲಿ ಗುಡಿಸಲುಗಳನ್ನು ಕೆಡವಿ ಜನರನ್ನು ದೂರದ ಕ್ವಾಮಶುವಿಗೆ ಸಾಗಿಸಿದರು. ‘ಗಲಾಟೆ ಮಾಡಿ ಏನು ಗಳಿಸಿದರು?’ ಎಂದು ಕೇಳುವ ಬುದ್ಧಿವಂತರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರು ಡೊರೊಥಿ ನ್ಯೆಂಬೆಯ ಬಾಳನ್ನು ನೋಡಲಿ. ಕ್ಯಾಟೊ ಮ್ಯಾನರಿನ ಹೆಂಗಸರ ಮುಂದಾಳುಗಳಲ್ಲಿ ಆಕೆ ಒಬ್ಬರು. 1956ರಲ್ಲಿ ಪಾಸ್ ಕಾನೂನಿನ ವಿರುದ್ಧ ಪ್ರಿಟೋರಿಯಕ್ಕೆ ನಡೆದ ಸಾವಿರಾರು ಹೆಂಗಸರಲ್ಲೂ ಇದ್ದವರು. 1969ರಲ್ಲಿ ಆಕೆಗೆ 15 ವರ್ಷಗಳ ಸೆರೆ ವಿಧಿಸಿದರು. 1984ರಲ್ಲಿ ಹೊರಬಂದರು, 1994ರಲ್ಲಿ, ಕರಿಯರೂ ಬಿಳಿಯರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದ ಮೊದಲ ಚುನಾವಣೆಯಲ್ಲಿ, ಆರಿಸಿಬಂದು ಸಂಸತ್ತಿನಲ್ಲಿ ಕುಳಿತರು.